ಒಂಬತ್ತು ಎಂದರೆ

ಇನ್ನೂರ ಹನ್ನೆರಡು ಹೆಂಗಸರು. ತಲೆಗೊಂದು ಸಾಲು.
ನಡುವೆ ಸಂದಿಲ್ಲ, ಚುಕ್ಕಿಯಿಲ್ಲ, ಉಸಿರಾಡಲು ತೆರಪಿಲ್ಲ;
ಡಬ್ಬಿಯಲ್ಲಿ ಬೂತಾಯಿ ಜೋಡಿಸಿಟ್ಟ ಹಾಗೆ
ಅಂಕಿಯ ಬೆನ್ನಿಗೆ ಅಂಕಿಯ ಹೊಟ್ಟೆ:

೦೪೭೫೪೫೨೩೪೧೩೨೪೯೯೯೨೫೧೩೪

ಮೊದಲ ಮೂರು ಮನೆ ಅವಳ ನಂಬರು. ಹೆಸರು ಬೇಡವೆಂದಿದ್ದಾರೆ.
ನಾಲ್ಕನೆಯದು ಬೆರಳಿನ ಜೋಮು. ಐದು, ಮಣಿಕಟ್ಟು.
ಆರು: ಕನಸಿನಲ್ಲೂ ಮೀನಿನ ತಲೆ ಕತ್ತರಿಸುತ್ತೀರಾ?
ಒಂದೆಂದರೆ ಎಂದೂ ಇಲ್ಲ, ಐದೆಂದರೆ ಯಾವಾಗಲೂ.
ಒಂಬತ್ತೆಂದರೆ ಉತ್ತರವಿಲ್ಲ.

ಮಾತೊಸಿನ್ಯೋಸ್ ಬಂದರಿನ ಕಾರ್ಖಾನೆಗಳಿಂದ
ನರ್ಸ್ ಇಡಲೀನಾ ಹೊತ್ತು ತಂದ ಹಾಳೆಗಳು;
ಕೆಲವಕ್ಕೆ ಎಣ್ಣೆಯ ಹೆಬ್ಬೆಟ್ಟು,
ಒಂದಕ್ಕೆ ಒಣಗಿ ಅಂಟಿದ ಹುರುಪೆ.
ಎರಡು ವಾರ ಕೂತು ಟೈಪು ಮಾಡಿದೆ.
ನನ್ನ ಬೆರಳಿಗೂ ಜೋಮು ಹಿಡಿಯಿತು,
ನನ್ನನ್ನು ಯಾರೂ ಕೇಳಲಿಲ್ಲ.

ಹದಿನೆಂಟು ಪ್ರಶ್ನೆ ಹದಿನೆಂಟು ನೋವಲ್ಲ,
ಪ್ರೊಫೆಸರ್ ಗ್ರಸಿಯೆತ್ ಹೇಳುತ್ತಿದ್ದಳು,
ಮಣ್ಣೊಳಗೆ ಎರಡೋ ಮೂರೋ ಬೇರು.
ಎಲೆ ಎಣಿಸಬೇಡ. ಯಾವ ಎಲೆ ಅಲ್ಲಾಡಿದರೆ
ಜೊತೆಗೆ ಇನ್ಯಾವುದು ಅಲ್ಲಾಡುತ್ತದೆ, ನೋಡು.

ಶುಕ್ರವಾರ ಸಂಜೆ ಆಜ್ಞೆ ಕೊಟ್ಟೆ:
ಕಡತ ಓದು. ಫ್ಯಾಕ್ಟರು ತೆಗೆ. ಅಕ್ಷ ತಿರುಗಿಸು.
ತಿರುಗಿಸಿದರೆ ಏನೂ ಬದಲಾಗುವುದಿಲ್ಲ,
ಗೋಡೆಯ ಫೋಟೋ ಸೊಟ್ಟಗಿದ್ದರೆ ನೆಟ್ಟಗೆ ಮಾಡಿದಂತೆ ಅಷ್ಟೆ.
ಪ್ರಿಂಟರು ಕೀರಲು ದನಿಯಲ್ಲಿ
ಒಂದು ಗುಡ್ಡ ಬರೆಯಿತು, ಬುಡದಲ್ಲಿ ಜಲ್ಲಿ.
ಎಲ್ಲಕ್ಕೂ ಎತ್ತರಕ್ಕೆ ಮೊದಲ ಫ್ಯಾಕ್ಟರು.
ಹನ್ನೊಂದು, ಹನ್ನೆರಡು, ಹದಿಮೂರನೆಯ ಪ್ರಶ್ನೆಗಳು
ಒಂದೇ ಹಗ್ಗಕ್ಕೆ ಕಟ್ಟಿದ ಮೂರು ದೋಣಿಗಳಂತೆ:
ಮೇಲ್ವಿಚಾರಕ ಬೈಯುತ್ತಾನೆಯೇ.
ಶೌಚಕ್ಕೆ ಬಿಡುತ್ತಾನೆಯೇ.
ಪಾಳಿ ಮುಗಿದ ಮೇಲೆ ಉಗ್ರಾಣಕ್ಕೆ ಕರೆಯುತ್ತಾನೆಯೇ.

ಗ್ರಸಿಯೆತ್ ನನ್ನ ಕೆನ್ನೆ ಹಿಂಡಿದಳು.
ಹುಟ್ಟಿದ ಕೂಸಿಗೆ ಹೆಸರು ಹುಡುಕುವಂತೆ
ಕಾಗದದ ಅಂಚಿನಲ್ಲಿ ಬರೆದು ಹೊಡೆದು ಹಾಕಿದಳು:
ಶಿಸ್ತು. ಒತ್ತಡ. ಭಯ.
ಭಯಕ್ಕೆ ಒಂದು ಗೆರೆ ಎಳೆದಳು.

ಸೋಮವಾರ ನನ್ನ ತಪ್ಪು ಕಂಡಿತು.
ಒಂಬತ್ತು ಲೆಕ್ಕಕ್ಕಿಲ್ಲ
ಎಂಬ ಸಾಲನ್ನೇ ನಾನು ಬರೆದಿರಲಿಲ್ಲ.
ಮೌನ ಸಮ್ಮತಿಯ ಲಕ್ಷಣ ಅನ್ನುತ್ತಾರಲ್ಲ,
ಯಂತ್ರ ಅದಕ್ಕೂ ಮುಂದೆ ಹೋಗಿತ್ತು:
ಯಾವಾಗಲೂ ಎಂಬುದಕ್ಕಿಂತ
ನಾಲ್ಕು ಮೆಟ್ಟಿಲು ಮೇಲೆ ಕೂರಿಸಿತ್ತು.

ಸಾಲು ಸೇರಿಸಿ ಮತ್ತೆ ಓಡಿಸಿದೆ. ಗುಡ್ಡ ಕುಸಿಯಿತು.
ಒಂದು ಉತ್ತರವಿಲ್ಲದವರ ಇಡೀ ಸಾಲನ್ನೇ
ಯಂತ್ರ ಕೈಬಿಡುತ್ತದೆ, ಅದರ ಕ್ರಮ ಅದು.
ಐವತ್ತೆಂಟು ಹೆಂಗಸರು ಎದ್ದು ಹೋದರು,
ಹೇಳಿದ್ದ ಜೋಮನ್ನೂ, ಮಣಿಕಟ್ಟನ್ನೂ
ಸೆರಗಿಲ್ಲದ ಏಪ್ರನ್ನಿನಲ್ಲಿ ಕಟ್ಟಿಕೊಂಡು.
ಉಳಿದ ನೂರೈವತ್ತನಾಲ್ಕು ಮಂದಿಯಿಂದ
ಎರಡು ಫ್ಯಾಕ್ಟರು ಬಂದವು, ಅಚ್ಚುಕಟ್ಟಾಗಿ: ಮೈ. ನಿದ್ದೆ.
ವರದಿಯಲ್ಲಿ ಅದೇ ಇದೆ. ಅದು ಸರಿಯೂ ಹೌದು.

ಕಾಫಿಯಂಗಡಿಯಲ್ಲಿ ಇಡಲೀನಾಳನ್ನು ಕೇಳಿದೆ.
ಐವತ್ತೆಂಟೂ ಒಂದೇ ಕಾರ್ಖಾನೆ, ರಾತ್ರಿ ಪಾಳಿ.
ಹನ್ನೊಂದರಿಂದ ಹದಿಮೂರು ಓದುವಾಗ, ಎಂದಳು,
ಅವನು ಬಾಗಿಲಲ್ಲೇ ನಿಂತಿದ್ದ, ಕೀಲಿಗೊಂಚಲು ತಿರುವುತ್ತ.
ಹದಿನಾಲ್ಕಕ್ಕೆ ಬಂದಾಗ ಹೊರಟುಹೋದ.
ಸಕ್ಕರೆ ಹಾಕದೆ ಬಹಳ ಹೊತ್ತು ಕಲಕಿದಳು.

ತಪ್ಪಾದ ಆ ಮೊದಲ ಹಾಳೆ
ಇನ್ನೂ ನನ್ನ ಮೇಜಿನ ಖಾನೆಯಲ್ಲಿದೆ, ಅಂಚಿನ ತೂತುಗಳ ಸಮೇತ.
ಒಮ್ಮೊಮ್ಮೆ ತೆಗೆದು ನಲವತ್ತೇಳನೆಯವಳನ್ನು ಓದುತ್ತೇನೆ.
ಐದು, ನಾಲ್ಕು, ಐದು, ಸರಸರ ಹೇಳುತ್ತಾಳೆ.
ಹದಿನಾಲ್ಕನೆಯ ಮನೆಗೆ ಬಂದು ಬಾಗಿಲ ಕಡೆ ನೋಡುತ್ತಾಳೆ.
ನಾನೂ ನೋಡುತ್ತೇನೆ.